ಬೈಕಾರ್ಬೊನೇಟ್ ತೆಗೆದಾಗ ವೀರ್ಯಾಣುವಿನ ಬಾಲ ಮಡಚಿತೇ? ಜೀನ್ ಆಮೇಲೆ ನೋಡಿ

ಬೈಕಾರ್ಬೊನೇಟ್ ಇಲ್ಲದ ಮೀಡಿಯಂಗೆ (ವೀರ್ಯಾಣು ಇಡುವ ದ್ರಾವಣಕ್ಕೆ) ಹಾಕಿದ ಕೂಡಲೇ ಇಲಿಯ ವೀರ್ಯಾಣುಗಳ ಬಾಲ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತಿವೆ, ಯಾವ ಅಯಾನು ಸಾಗಣೆ ಪ್ರೋಟೀನಿನ ಜೀನ್ ಹುಡುಕಲಿ ಅಂತ ಕೇಳಿದ್ದೀರಿ. ಇದೇ ದೃಶ್ಯ ನೋಡಿ, ಇದೇ ದಾರಿ ಹಿಡಿದು ನಾನು ನಾಲ್ಕು ತಿಂಗಳ ಡೇಟಾ ಬಿಸಾಡಿದ್ದೇನೆ. ಜೀನ್ ಬಿಡಿ, ಮೊದಲು ಮೀಡಿಯಂನ ಆಸ್ಮೋಲಾಲಿಟಿ, ಅಂದರೆ ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ (ಮಿಲಿಆಸ್ಮೋಲ್‌ಗಳಲ್ಲಿ), ಅಳೆಯಿರಿ.

ನನ್ನ ತಪ್ಪು ಇಷ್ಟೇ: ಸೋಡಿಯಂ ಬೈಕಾರ್ಬೊನೇಟ್ ಬಿಟ್ಟೆ, ಅದರ ಜಾಗಕ್ಕೆ ಏನನ್ನೂ ಹಾಕಲಿಲ್ಲ. ಲೀಟರಿಗೆ 2.1 ಗ್ರಾಂ, ಅಂದರೆ 25 ಮಿಲಿಮೋಲಾರ್. ನೀರಿನಲ್ಲಿ ಅದು ಎರಡು ಅಯಾನುಗಳಾಗಿ ಬೇರೆಯಾಗುತ್ತದೆ. ಹಾಗಾಗಿ ಕಮ್ಮಿಯಾದದ್ದು 25 ಅಲ್ಲ, ಹತ್ತಿರ ಹತ್ತಿರ 50 ಮಿಲಿಆಸ್ಮೋಲ್. 290 ಇರಬೇಕಾದ ಮೀಡಿಯಂ 245ರ ಆಸುಪಾಸಿಗೆ ಇಳಿದಿತ್ತು. ಹೆಪೆಸ್ ಎಂಬ ಬಫರ್ ಇದ್ದುದರಿಂದ ಪಿಎಚ್ ಮಾತ್ರ 7.4ರಲ್ಲೇ ನಿಂತಿತ್ತು, ಪಿಎಚ್ ಸರಿ ಇದ್ದರೆ ಮೀಡಿಯಂ ಸರಿ ಎಂದು ನಂಬಿದೆ. ವೀರ್ಯಾಣು ಪಕ್ವವಾಗಿ ಶೇಖರವಾಗುವ ನಾಳ ಎಪಿಡಿಡಿಮಿಸ್‌ನ ಕೊನೆಯ ಭಾಗದಲ್ಲಿ ಇಲಿಯ ವೀರ್ಯಾಣು ಇರುವುದು ಸುಮಾರು 400 ಮಿಲಿಆಸ್ಮೋಲ್ ದ್ರವದಲ್ಲಿ. ಅಲ್ಲಿಂದ 290ಕ್ಕೆ ಬಂದಾಗಲೇ ನೀರು ಒಳನುಗ್ಗುತ್ತದೆ, ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಹೊರಬಿಟ್ಟು ಅದು ಹೇಗೋ ತನ್ನ ಗಾತ್ರ ಕಾಪಾಡಿಕೊಳ್ಳುತ್ತದೆ. ನಾನು ಅದನ್ನು ಇನ್ನೂ 45 ಕೆಳಕ್ಕೆ ತಳ್ಳಿ, ಮಡಚಿದ ಬಾಲಕ್ಕೆ ಬೈಕಾರ್ಬೊನೇಟ್ ವಾಹಕವೇ ಕಾರಣ ಎಂದು ಬರೆದುಕೊಂಡೆ.

400 ಪಟ್ಟು ಹಿಗ್ಗಿಸಿ ಮಡಿಕೆಯ ಮೂಲೆಯನ್ನೇ ನೋಡಿ. ಸೈಟೋಪ್ಲಾಸ್ಮಿಕ್ ಡ್ರಾಪ್ಲೆಟ್ (ಬಾಲದ ಮೇಲೆ ಉಳಿದಿರುವ ಕೋಶದ್ರವ್ಯದ ತುಣುಕು) ಮಣಿಯಂತೆ ಉಬ್ಬಿ ಅಲ್ಲೇ ಕೂತಿದ್ದರೆ ಅದು ನೀರಿನ ಕೆಲಸ. ಉಬ್ಬಿದ ಪೊರೆಯ ಚೀಲದೊಳಗೆ ಬಾಲ ಬಗ್ಗಿ ಸಿಕ್ಕಿಕೊಂಡಿರುತ್ತದೆ. ಖಚಿತಪಡಿಸಿಕೊಳ್ಳಲು ಸ್ಲೈಡಿನ ಮೇಲಿನ ಮಾದರಿಯ ಹನಿಗೆ ಪೊರೆ ಕರಗಿಸುವ ಡಿಟರ್ಜೆಂಟ್ ಟ್ರೈಟಾನ್ ಎಕ್ಸ್-100 ಸೇರಿಸಿ, ಒಟ್ಟು 0.1 ಶೇಕಡಾ ಬರುವಂತೆ. ಪೊರೆ ಕರಗಿದ ಮೇಲೆ ಬಾಲ ನೆಟ್ಟಗಾದರೆ ಒಳಗಿನ ಎಳೆಗಳಿಗೆ ಏನೂ ಆಗಿಲ್ಲ. ಜೊತೆಗೆ ಇನ್ನೊಂದು ಮಾದರಿಯನ್ನು ನೇರವಾಗಿ 400 ಮಿಲಿಆಸ್ಮೋಲ್ ಮೀಡಿಯಂಗೇ ಬಿಡಿಸಿ ನೋಡಿ. ಅಲ್ಲಿ ಮಡಿಕೆ ಕಾಣದಿದ್ದರೆ ಅನುಮಾನವೇ ಬೇಡ.

ಸರಿಪಡಿಸುವುದು ಸುಲಭ: ಬೈಕಾರ್ಬೊನೇಟ್ ತೆಗೆದಷ್ಟೇ ಸೋಡಿಯಂ ಕ್ಲೋರೈಡ್, ಲೀಟರಿಗೆ 1.46 ಗ್ರಾಂ. ಕ್ಲೋರೈಡ್-ಬೈಕಾರ್ಬೊನೇಟ್ ವಿನಿಮಯವೇ ನಿಮ್ಮ ವಿಷಯವಾದರೆ ಕ್ಲೋರೈಡ್ ಏರುವುದು ತೊಡಕು, ಆಗ ಸೋಡಿಯಂ ಗ್ಲುಕೊನೇಟ್ ಒಳ್ಳೆಯದು. ಸುಕ್ರೋಸ್ ಬೇಡ, ಸೋಡಿಯಂ ಕಮ್ಮಿಯಾಗಿ ಹೊಸ ಗೊಂದಲ ಹುಟ್ಟುತ್ತದೆ. ಪ್ರತಿ ಬ್ಯಾಚನ್ನೂ ಆಸ್ಮೋಮೀಟರಿನಲ್ಲಿ ಮೂರು ಸಲ ಅಳೆಯಿರಿ. ಎರಡು ಮೀಡಿಯಂಗಳ ನಡುವೆ 5 ಮಿಲಿಆಸ್ಮೋಲ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಾನು ಚೆಲ್ಲುತ್ತೇನೆ.

ಬೈಕಾರ್ಬೊನೇಟ್ ಇಲ್ಲದ್ದರ ನಿಜವಾದ ಪರಿಣಾಮ ಬಾಲದ ಆಕಾರದಲ್ಲಲ್ಲ, ಬಡಿತದಲ್ಲಿ ಕಾಣುತ್ತದೆ. ಬೈಕಾರ್ಬೊನೇಟ್, ‘ಕರಗುವ ಅಡಿನೈಲಿಲ್ ಸೈಕ್ಲೇಸ್’ ಎಂಬ ಕಿಣ್ವವನ್ನು ಚುರುಕುಗೊಳಿಸಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸುತ್ತದೆ. ಅದಿಲ್ಲದಿದ್ದರೆ ಬಡಿತ ವೇಗ ಹಿಡಿಯುವುದಿಲ್ಲ. ಕ್ಯಾಟ್‌ಸ್ಪರ್ ಕೂಡ ಹಾಗೆಯೇ: ಆ ಕ್ಯಾಲ್ಸಿಯಂ ಚಾನೆಲ್ ಇಲ್ಲದ ವೀರ್ಯಾಣು ನೋಡಲು ಸರಿಯಾಗೇ ಇರುತ್ತದೆ, ಈಜುತ್ತದೆ ಕೂಡ, ಆದರೆ ಚಾಟಿ ಬೀಸಿದಂಥ ಬಲವಾದ ಬಡಿತಕ್ಕೆ ಏರಲಾರದು.

ಬಾಲ ಬಾಗುವುದಕ್ಕೆ ಪ್ರೋಟೀನ್ ಕಾರಣವಾಗುವುದೂ ಉಂಟು. ಸ್ಲೋ3 ಪೊಟ್ಯಾಸಿಯಂ ಚಾನೆಲ್ ಇಲ್ಲದ ಇಲಿಗಳಲ್ಲಿ ಆಸ್ಮೋಲಾಲಿಟಿ ಇಳಿದಾಗ ಮಡಿಕೆ ಬರುತ್ತದೆ. ಸೋಡಿಯಂ-ಪೊಟ್ಯಾಸಿಯಂ ಪಂಪಿನ ಆಲ್ಫಾ-4 ರೂಪ ಇಲ್ಲದಿದ್ದರೆ ಒಳಗೆ ಸೋಡಿಯಂ ತುಂಬಿ ಬಾಲ ಬಾಗುತ್ತದೆ. ಇವೆರಡರಲ್ಲೂ ಗಾತ್ರ ಕಾಪಾಡುವ ಶಕ್ತಿಯೇ ಕುಂದಿರುತ್ತದೆ. ಕೋಶ ಉಬ್ಬಿದಾಗ ತೆರೆಯುವ ಅಯಾನು ಚಾನೆಲ್ಲಿನ ಭಾಗವಾದ ಎಲ್‌ಆರ್‌ಆರ್‌ಸಿ8ಎ ಇಲ್ಲದಿದ್ದಾಗಿನ ಕಥೆ ಬೇರೆ: ವೀರ್ಯಾಣು ರೂಪುಗೊಳ್ಳುವಾಗಲೇ ಗಾತ್ರದ ಹಿಡಿತ ತಪ್ಪಿ, ಮೈಟೊಕಾಂಡ್ರಿಯದ ಕವಚ ಅಸ್ತವ್ಯಸ್ತವಾಗುತ್ತದೆ. ಅಯಾನು ಸಾಗಿಸುವ ಪ್ರೋಟೀನ್ ಎಸ್‌ಎಲ್‌ಸಿ26ಎ8 ಇಲ್ಲದಿದ್ದರೆ ಬಾಲದ ನಡುಭಾಗದ ಕೊನೆಯಲ್ಲಿರುವ ಉಂಗುರವೇ ಕೆಟ್ಟು, ಬಾಲ ಅಲ್ಲೇ ಬಾಗುತ್ತದೆ.

ಮೀಡಿಯಂ 290 ತೋರಿಸಿ, ಟ್ರೈಟಾನ್ ಹಾಕಿದ ಮೇಲೂ ಬಾಲ ಮಡಚಿಕೊಂಡೇ ಇದ್ದರೆ ಮಾದರಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಡಿ, ಆ ಉಂಗುರ ಇದೆಯೋ ಇಲ್ಲವೋ ಮೊದಲು ನೋಡಲಿ.