ಗುಮ್ಮಟ ಎಲ್ಲಿದೆ ಸ್ವಾಮಿ?

ಪ್ರಶ್ನೆ: ರೋಮ್‌ಗೆ ಹೋಗಿಬಂದ ಮಗಳು, ಅಲ್ಲಿನ ಸಂತ ಇಗ್ನೇಷಿಯಸ್ ಚರ್ಚಿನ ಗುಮ್ಮಟ ಬರೀ ಸುಳ್ಳು ಅನ್ನುತ್ತಾಳೆ. ಹೌದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮಗಳು ಹೇಳಿದ್ದು ಸರಿ. ನಾನೂ ಮೋಸ ಹೋದವನೇ! ಬಾಗಿಲಿನಿಂದ ನೋಡಿದಾಗ ಕಂಬಗಳು, ಕಿಟಕಿಗಳು, ಕತ್ತಲಲ್ಲಿ ಮೇಲೇರುವ ಗುಮ್ಮಟ, ಎಲ್ಲಾ ಇತ್ತು. ಹತ್ತಿರ ಹೋದಂತೆ ಗುಮ್ಮಟ ಒಂದು ಕಡೆಗೆ ವಾಲತೊಡಗಿತು. ನೇರ ಕೆಳಗೆ ನಿಂತರೆ, ಚಪ್ಪಟೆ ಕ್ಯಾನ್ವಾಸ್. ಅಗಲ ಸುಮಾರು 17 ಮೀಟರ್.

ಯೋಜನೆಯಲ್ಲಿದ್ದ ಗುಮ್ಮಟವನ್ನು ಕಟ್ಟಲೇ ಇಲ್ಲ. 1685ರಲ್ಲಿ ಆಂದ್ರೆಯಾ ಪೊತ್ಸೊ ಎಂಬ ಜೆಸ್ವಿಟ್ (ಕ್ಯಾಥೊಲಿಕ್ ಧಾರ್ಮಿಕ ಸಂಘದ) ಬ್ರದರ್ ಅದನ್ನು ಬಣ್ಣದಲ್ಲೇ ಮುಗಿಸಿದ. ಆಮೇಲೆ ನಡುಅಂಕಣದ, ಅಂದರೆ ಜನ ಕೂರುವ ಉದ್ದನೆಯ ಭಾಗದ, ಛಾವಣಿಗೂ ಕೈ ಹಾಕಿದ. ನನಗೆ ಗುಮ್ಮಟಕ್ಕಿಂತ ಇದೇ ಜಾಸ್ತಿ ಇಷ್ಟ. ಛಾವಣಿಯೇ ಹಾರಿಹೋಗಿ ಆಕಾಶ ತೆರೆದುಕೊಂಡ ಹಾಗಿದೆ. ನಾಲ್ಕು ಖಂಡಗಳು ನಾಲ್ಕು ಹೆಂಗಸರ ರೂಪದಲ್ಲಿವೆ. ನಮ್ಮ ಏಷ್ಯಾ ಒಂಟೆ ಏರಿದ್ದಾಳೆ, ಆಫ್ರಿಕಾಳ ಜೊತೆ ಮೊಸಳೆ! ಬಾಗಿದ ಛಾವಣಿಯ ಮೇಲೆ ಗೆರೆಗಳು ನೇರ ಕಾಣಬೇಕಲ್ವಾ? ಅದಕ್ಕೆ ಹುರಿಯ ಬಲೆ ಕಟ್ಟಿ, ಚೌಕ ಚೌಕವಾಗಿ ಅಳೆದು ಬರೆದ.

ನೆಲದಲ್ಲಿ ದುಂಡಗಿನ ಅಮೃತಶಿಲೆಯ ಗುರುತಿದೆ. ಅಲ್ಲಿ ನಿಂತರಷ್ಟೇ ಈ ಛಾವಣಿಯಲ್ಲಿ ಬರೆದ ಕಂಬಗಳು ನೆಟ್ಟಗೆ ಕಾಣುತ್ತವೆ. ಎರಡು ಹೆಜ್ಜೆ ಸರಿದು ನೋಡಿ, ಎಲ್ಲಾ ಸೊಟ್ಟ. ಕುತ್ತಿಗೆ ನೋವಿದ್ದವರು ಕೆಳಗೆ ಇಟ್ಟಿರುವ ಓರೆ ಕನ್ನಡಿಯಲ್ಲಿ ನೋಡಬಹುದು, ಆದರೆ ಸೆಲ್ಫಿಯವರ ಸಾಲು ಇರುತ್ತದೆ.

ರೋಮ್ ದೂರ ಅನ್ನಿಸಿದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಅಲ್ಲಿನ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯೂ ಇಟಲಿಯ ಜೆಸ್ವಿಟ್ ಬ್ರದರೇ.