ನೋಟ್‌ಬುಕ್‌ನಲ್ಲಿದ್ದ ಮಾತು ಅಧ್ಯಾಯದಲ್ಲಿ ಇರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

ವಿಜಯಪುರದಲ್ಲಿ ಪಿಎಚ್.ಡಿ. ಮಾಡುತ್ತಿರುವ ಸಂಶೋಧನಾರ್ಥಿಯೊಬ್ಬರು (ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿದ್ದೇನೆ) ಮೂರು ವಾರಗಳಿಂದ ನಿದ್ದೆಯಿಲ್ಲವೆಂದು ನನ್ನ ಬಳಿ ಬಂದರು. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದ ಅವರು, ಇಂಡಿ ತಾಲ್ಲೂಕಿನ ನಿಂಬೆ ತೋಟಗಳಲ್ಲಿ ದುಡಿಯುವ ಮಹಿಳೆಯರ ಕುರಿತ ಅಧ್ಯಾಯವನ್ನು ಚಾಟ್‌ಜಿಪಿಟಿಯಿಂದ ಬರೆಸಿದ್ದರು. ಅದರಲ್ಲಿ ಉಲ್ಲೇಖವಾಗಿದ್ದ ಎರಡು ಲೇಖನಗಳು ಎಲ್ಲಿಯೂ ಪ್ರಕಟವೇ ಆಗಿಲ್ಲವೆಂದು ತಿಳಿದಂದಿನಿಂದ ಮಾರ್ಗದರ್ಶಕರ ಫೋನ್ ಎತ್ತುವುದನ್ನೂ ಬಿಟ್ಟಿದ್ದರು. "ನಾ ಕಳ್ಳಿ ಏನ್ರಿ?" ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು.

ಹೌದೆಂದೋ ಅಲ್ಲವೆಂದೋ ಹೇಳದೆ, ಕ್ಷೇತ್ರಕಾರ್ಯದ ನೋಟ್‌ಬುಕ್ ತರಲು ಹೇಳಿದೆ. ಎಣ್ಣೆಯ ಕಲೆಯಿದ್ದ ಒಂದು ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ, ತೋಟದ ಹೆಂಗಸೊಬ್ಬರ ಮಾತು ಹೀಗಿತ್ತು: "ಬಾವಿ ಬತ್ತಿದ್ರ ಗಿಡಕ್ಕ ಟ್ಯಾಂಕರ್ ನೀರು ತರಸ್ತಾರ್ರಿ, ನಮಗ ಕೊಡ ಹೊರೂದು ತಪ್ಪಂಗಿಲ್ಲ." ಅಧ್ಯಾಯದಲ್ಲಿ ಇದೇ ಮಾತು, ನೀರಿನ ಕೊರತೆಯಿಂದ ಜೀವನೋಪಾಯಕ್ಕೆ ತೊಂದರೆಯಾಗಿದೆ ಎಂಬರ್ಥದ ನಯವಾದ ಇಂಗ್ಲಿಷ್ ವಾಕ್ಯವಾಗಿತ್ತು. ಗಿಡಕ್ಕೆ ಸಿಕ್ಕ ನೀರು ಹೆಂಗಸಿಗೆ ಸಿಗಲಿಲ್ಲ ಎಂಬ ದೂರು ಅಲ್ಲಿ ಉಳಿದಿರಲಿಲ್ಲ. ಎರಡನ್ನೂ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿದವರು ಬಹಳ ಹೊತ್ತು ಸುಮ್ಮನೆ ಕುಳಿತರು.

ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರೊಳಗಿದ್ದರೆ, ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2018ರ ನಿಯಮಾವಳಿಯಂತೆ ದಂಡವಿಲ್ಲ, ಸುಮ್ಮನಿರು ಎಂದು ಗೆಳತಿಯರು ಅವರಿಗೆ ಹೇಳಿದ್ದರು. ಆ ಲೆಕ್ಕ ಹಿಡಿಯುವುದು ಈಗಾಗಲೇ ಇರುವ ಬರಹದೊಂದಿಗಿನ ಹೋಲಿಕೆಯನ್ನು ಮಾತ್ರ. ಇಲ್ಲದ ಲೇಖನವನ್ನು ಇದೆಯೆಂದು ಬರೆದರೆ ಅದು ಅಲ್ಲಿ ಸಿಕ್ಕಿಬೀಳುವುದಿಲ್ಲ. ಸಂಶೋಧನಾ ಪ್ರಕಟಣೆಯ ನೀತಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮಿತಿ 'ಕೋಪ್' 2023ರಲ್ಲಿ ಚಾಟ್‌ಜಿಪಿಟಿಯಂಥ ಉಪಕರಣಗಳನ್ನು ಲೇಖಕರೆಂದು ಪರಿಗಣಿಸಲಾಗದು ಎಂದದ್ದಕ್ಕೆ ಕಾರಣ, ಬರಹದ ಹೊಣೆಯನ್ನು ಅವು ಹೊರಲಾರವು ಎಂಬುದೇ. ಮೌಖಿಕ ಪರೀಕ್ಷೆಯಲ್ಲಿ ಪ್ರತಿ ವಾಕ್ಯಕ್ಕೂ ಉತ್ತರ ಕೊಡಬೇಕಾದವರು ಇವರೊಬ್ಬರೇ.

ಹಾಗಾಗಿ, ಇಂಥ ಉಪಕರಣದಿಂದ ಇಂಗ್ಲಿಷ್ ತಿದ್ದಿಸಿಕೊಳ್ಳುವುದಕ್ಕೆ ನಾಚಬೇಕಿಲ್ಲ, ವಿಚಾರವನ್ನೇ ಅದರಿಂದ ಪಡೆದು ತನ್ನದೆನ್ನುವುದು ಮಾತ್ರ ತಪ್ಪು ಎಂದು ಬಿಡಿಸಿ ಹೇಳಿದೆ. ಸುಳ್ಳು ಉಲ್ಲೇಖಗಳನ್ನು ತೆಗೆದು, ಅಧ್ಯಾಯವನ್ನು ಮೊದಲು ಕನ್ನಡದಲ್ಲೇ ನೋಟ್‌ಬುಕ್ ನೋಡಿ ಬರೆಯಬೇಕು. ಯಾವ ಉಪಕರಣವನ್ನು ಯಾವ ಕೆಲಸಕ್ಕೆ ಬಳಸಿದೆನೆಂದು ಸಂಶೋಧನಾ ವಿಧಾನದ ಭಾಗದಲ್ಲಿ ನಮೂದಿಸಬೇಕು. ಎಲ್ಲಕ್ಕಿಂತ ಮೊದಲು, ಬೇರೆಯವರಿಂದ ತಿಳಿಯುವ ಮುನ್ನ ತಾವೇ ಮಾರ್ಗದರ್ಶಕರಿಗೆ ಹೇಳಬೇಕು ಎಂದೆ. ಈ ಕೊನೆಯದಕ್ಕೆ ಅವರು ಅತ್ತರು. ಏನು ಹೇಳಬೇಕೆಂಬುದನ್ನು ಇಬ್ಬರೂ ಕೂತು ನಾಲ್ಕು ಸಾಲಿನಲ್ಲಿ ಬರೆದೆವು.

ಮಾರ್ಗದರ್ಶಕರು ಸಿಟ್ಟಾದರು, ಆಮೇಲೆ ಎರಡು ತಿಂಗಳ ಸಮಯ ಕೊಟ್ಟರು. ಮುಂದಿನ ಭೇಟಿಗೆ ಸಂಶೋಧನಾರ್ಥಿ ತಂದ ಕರಡಿನ ಮೊದಲ ಪುಟದಲ್ಲಿಯೇ, ಕೊಡ ಹೊರುವ ಆ ಮಾತು ಕನ್ನಡ ಲಿಪಿಯಲ್ಲಿತ್ತು. ಅದರ ಕೆಳಗೆ ಅವರದೇ ಇಂಗ್ಲಿಷ್ ಅನುವಾದವಿತ್ತು.