ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಅಗ್ಗವಾಗಿ ಮಾಡಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಬ್ರೇಕ್ ಪ್ಯಾಡ್ ಪ್ರೆಸ್ ಮಾಡಿಕೊಡುತ್ತೇವೆ. ದುಬಾರಿ ಕಾರುಗಳ ಕಾರ್ಬನ್ ಸೆರಾಮಿಕ್ ಡಿಸ್ಕನ್ನು ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಇದೆಯೇ? ಬಟ್ಟೆಯಂತೆ ನೇಯ್ದ ಕಾರ್ಬನ್ ಫೈಬರ್ ಬದಲು ತುಂಡು ಫೈಬರ್ ನಡೆಯುತ್ತಾ?

ಉತ್ತರ: ನಡೆಯುತ್ತದೆ. ಕಾರುಗಳಲ್ಲಿ ಬರುವ ಡಿಸ್ಕ್‌ಗಳಲ್ಲೂ ಇರುವುದು ಹೆಚ್ಚಾಗಿ ತುಂಡು ಫೈಬರ್ರೇ.

ಫೈಬರ್ ನಡುವೆ ಸೆರಾಮಿಕ್ ತುಂಬುವ ಹಳೆಯ ದಾರಿಯಲ್ಲಿ ಗ್ಯಾಸ್ ಬಿಟ್ಟು ವಾರಗಟ್ಟಲೆ ಫರ್ನೇಸ್ ಉರಿಸಬೇಕು. ದುಡ್ಡು ಕರಗುವುದೇ ಅಲ್ಲಿ. ಅಗ್ಗದ ದಾರಿ ಎಂದರೆ ಕರಗಿದ ಸಿಲಿಕಾನ್ ಕುಡಿಸುವುದು. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್‌ಆರ್ ಬಾಹ್ಯಾಕಾಶ ನೌಕೆಗಳ ಶಾಖ ಕವಚಕ್ಕೆಂದು ಬೆಳೆಸಿದ ಈ ವಿಧಾನ 2001ರ ಹೊತ್ತಿಗೆ ಪೋರ್ಷೆ 911 ಜಿಟಿ2 ಕಾರಿನ ಬ್ರೇಕಿಗೆ ಬಂತು.

ತುಂಡು ಫೈಬರನ್ನು ಫೀನಾಲಿಕ್ ರೆಸಿನ್ (ಬಿಸಿಗೆ ಗಟ್ಟಿಯಾಗುವ ಅಂಟು) ಜೊತೆ ಕಲಸಿ ಬಿಸಿ ಮೋಲ್ಡಿನಲ್ಲಿ ಒತ್ತುವುದು ಮೊದಲ ಹಂತ. ಇದು ನಿಮಗೆ ಹೇಳಿಕೊಡಬೇಕಾದ ಕೆಲಸವೇ ಅಲ್ಲ. ಆಮೇಲೆ ನೈಟ್ರೋಜನ್‌ನಲ್ಲಿ ಸುಮಾರು 900 ಡಿಗ್ರಿಗೆ ಸುಡಬೇಕು. ರೆಸಿನ್ ಕಾರ್ಬನ್ ಆಗಿ ಕುಗ್ಗುತ್ತದೆ, ಫೈಬರ್ ಕುಗ್ಗುವುದಿಲ್ಲ. ಹಾಗಾಗಿ ಮೈಯೆಲ್ಲ ಕೂದಲೆಳೆ ಬಿರುಕು. ಗಾಬರಿ ಬೇಡ, ಆ ಬಿರುಕೇ ಬೇಕಾದದ್ದು. ಸಿಲಿಕಾನ್ 1414 ಡಿಗ್ರಿಗೆ ಕರಗುತ್ತದೆ. ವ್ಯಾಕ್ಯೂಮ್ ಫರ್ನೇಸಿನಲ್ಲಿ ಅದಕ್ಕಿಂತ ಮೇಲೆ ಕಾಯಿಸಿದರೆ ಬತ್ತಿ ಎಣ್ಣೆ ಹೀರಿದ ಹಾಗೆ ಡಿಸ್ಕ್ ಅದನ್ನು ಹೀರಿಕೊಳ್ಳುತ್ತದೆ. ಒಳಗೆ ಕಾರ್ಬನ್ ಜೊತೆ ಸೇರಿ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಸೆರಾಮಿಕ್ ಆಗುತ್ತದೆ. ಒಂದೇ ಸಲಕ್ಕೆ ಮುಗೀತು.

ಆರುವಾಗ ಒಂದು ತಮಾಷೆ ನೋಡುತ್ತೀರಿ. ಸಿಲಿಕಾನ್ ಕೂಡ ನೀರಿನಂತೆ ಗಟ್ಟಿಯಾಗುವಾಗ ಹಿಗ್ಗುತ್ತದೆ. ಉಳಿದದ್ದು ಬೆವರ ಹನಿಯಂತೆ ಡಿಸ್ಕಿನ ಮೇಲೆ ಹೊಳೆಯುವ ಮಣಿಗಳಾಗಿ ಕೂರುತ್ತದೆ.

ಹೆಚ್ಚಿನವರು ಎಡವುವುದು ಮೆಷಿನಿಂಗ್‌ನಲ್ಲಿ. ಸಿಲಿಕಾನ್ ಕುಡಿದ ಮೇಲೆ ಡೈಮಂಡ್ ಟೂಲ್ ಬಿಟ್ಟು ಬೇರೇನೂ ತಾಗುವುದಿಲ್ಲ. ತೂತು, ಗಾಳಿ ಹಾಯುವ ದಾರಿ ಎಲ್ಲವನ್ನೂ ಅದಕ್ಕೆ ಮೊದಲೇ ಮುಗಿಸಿ. ಸಿಲಿಕಾನ್ ಹಂತದಲ್ಲಿ ಅಳತೆ ಹೆಚ್ಚೇನೂ ಬದಲಾಗುವುದಿಲ್ಲ, ಕೊನೆಗೆ ಉಜ್ಜುಮುಖ ಮಾತ್ರ ಗ್ರೈಂಡ್ ಮಾಡಿದರಾಯಿತು.

ರೆಸಿನ್ ಆಯ್ಕೆಯಲ್ಲಿ ಮಾತ್ರ ಜಿಪುಣತನ ಬೇಡ. ಅದು ಫೈಬರನ್ನು ಸರಿಯಾಗಿ ಹಿಡಿಯದಿದ್ದರೆ ಬಿರುಕು ಫೈಬರ್ ಕಟ್ಟಿನೊಳಗೆ ಎಳೆ ಎಳೆಗೂ ಹೋಗುತ್ತದೆ. ಹಿಂದೆಯೇ ಸಿಲಿಕಾನ್ ಹೋಗಿ ಫೈಬರನ್ನೇ ತಿಂದುಹಾಕುತ್ತದೆ. ಅಂಥ ಡಿಸ್ಕ್ ಪಿಂಗಾಣಿ ತಟ್ಟೆಯ ಹಾಗೆ ಒಡೆಯುತ್ತದೆ, ಬ್ರೇಕಿಗೆ ಹಾಕೋದು ಹೇಗೆ?

ಫರ್ನೇಸಿಗೆ ಈಗಲೇ ದುಡ್ಡು ಸುರಿಯಬೇಡಿ. ಅಂಗೈ ಅಗಲದ ತುಂಡೊಂದನ್ನು ಒತ್ತಿ, ಬಾಡಿಗೆಗೆ ಸುಡಿಸಿ, ಅಡ್ಡ ಕೊಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿಡಿ. ಕಪ್ಪು ಕಂಡದ್ದು ಕಾರ್ಬನ್, ಬೂದಿ ಬಣ್ಣದ್ದು ಕಾರ್ಬೈಡ್, ಬೆಳ್ಳಗೆ ಹೊಳೆಯುವುದು ಉಳಿದುಹೋದ ಸಿಲಿಕಾನ್. ಫೈಬರ್ ಕಟ್ಟುಗಳು ಇಡಿಯಾಗಿ ಕಪ್ಪಗೆ ಉಳಿದಿದ್ದರೆ ಮುಂದಿನ ಮಾತಾಡೋಣ.